ಟೇಬಲ್ ದುಡ್ಡು ಯಾರು ಕಟ್ಟುತ್ತಾರೆ ಅಂತ ಮೊದಲು ಕೇಳಿ

ಪ್ರಶ್ನೆ: ನಮ್ಮದು ಮಂಡ್ಯ. ಮಗನಿಗೆ 19 ವರ್ಷ. ಮೈಸೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಾ ವಿಜಯನಗರದ ಪಿಜಿಯಲ್ಲಿದ್ದಾನೆ. ಐದಾರು ತಿಂಗಳಿಂದ ಕಾಲೇಜು ಬಿಟ್ಟ ಮೇಲೆ ದಿನಾ ಮೂರು ಗಂಟೆ ಪೂಲ್ ಪಾರ್ಲರ್‌ನಲ್ಲೇ ಇರುತ್ತಾನಂತೆ. ಉದ್ದ ಕೋಲಿನಿಂದ ಟೇಬಲ್ ಮೇಲಿನ ಚೆಂಡು ಹೊಡೆಯುವ ಆಟವಂತೆ. ಟೇಬಲ್ ಬಾಡಿಗೆ ಗಂಟೆಗೆ 180 ರೂಪಾಯಿ. ಕೈಖರ್ಚಿಗೆ ತಿಂಗಳಿಗೆ 5,000 ಕೊಡುತ್ತೇವೆ, ಹತ್ತನೇ ತಾರೀಕಿಗೆಲ್ಲ ಖಾಲಿ. ಹಬ್ಬಕ್ಕೆ ಬಂದಾಗ ಅವನ ಫೋನ್ ನೋಡಿದೆ. ಒಬ್ಬನೇ ಹುಡುಗನಿಗೆ 500, 500, 1,000 ಹೀಗೆ ಹೋಗಿದೆ. ಕೇಳಿದರೆ ‘ಟೇಬಲ್ ದುಡ್ಡು ಕಣಮ್ಮ’ ಅಂದ. ನಮ್ಮಣ್ಣ ‘ಅದೂ ಇಸ್ಪೀಟ್ ಕ್ಲಬ್ ಇದ್ದಂಗೇ, ಪೋಲಿ ಹುಡುಗರು ಸೇರೋ ಜಾಗ, ಪೊಲೀಸ್ನೋರು ಬಂದ್ರೆ ಓದೆಲ್ಲ ಹಾಳು’ ಅಂತ ಹೆದರಿಸಿದ್ದಾನೆ. ಮಗ ಮಾತ್ರ ಸ್ಟೇಟ್ ಲೆವೆಲ್ ಆಡಬೇಕು, 15,000 ರೂಪಾಯಿಯ ಕ್ಯೂ (ಆಡುವ ಕೋಲು) ಕೊಡಿಸು ಅನ್ನುತ್ತಾನೆ. ಒಂಬತ್ತನೇ ಕ್ಲಾಸಿನ ಮಗಳು ರಜೆಯಲ್ಲಿ ಅಣ್ಣನ ಜೊತೆ ಹೋಗಿ ಆಡಿ ಬಂದವಳು ತಾನೂ ಕಲಿಯಬೇಕಂತೆ. ಅವರ ಅಪ್ಪನಿಗೆ ಇದ್ಯಾವುದೂ ಇನ್ನೂ ಗೊತ್ತಿಲ್ಲ. ಇದು ಜೂಜಾ, ಆಟವಾ? ಬಿಡಿಸಬೇಕಾ?

(ಮಂಡ್ಯದ ತಾಯಿಯೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಭಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಆಟ ಕೆಟ್ಟದ್ದೇ, ಜಾಗ ಕೆಟ್ಟದ್ದೇ, ದುಡ್ಡು ಎಲ್ಲಿಗೆ ಹೋಗುತ್ತಿದೆ, ಓದು ಏನಾಗುತ್ತದೆ. ಮೈಸೂರಿನಲ್ಲಿ ಬಹಳ ವರ್ಷಗಳಿಂದ ಪೂಲ್ ಜಾತಿಯವೇ ಆದ ಬಿಲಿಯರ್ಡ್ಸ್, ಸ್ನೂಕರ್ ಆಟಗಳನ್ನು ಕಲಿಸುತ್ತಿದ್ದೇನೆ. ಮಕ್ಕಳನ್ನು ಹುಡುಕಿಕೊಂಡು ಬರುವ ಅಪ್ಪ ಅಮ್ಮಂದಿರು ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಬಿಡಿಸಿ ನೋಡಿದರೆ ನಿಮ್ಮ ವಿಷಯದಲ್ಲಿ ತುರ್ತಾದದ್ದು ದುಡ್ಡಿನದು. ಅದರಿಂದಲೇ ಶುರು ಮಾಡುತ್ತೇನೆ.

ನೀವು ಬರೆದ ಅಂಕಿಗಳೇ ಅರ್ಧ ಕಥೆ ಹೇಳುತ್ತಿವೆ. ಗಂಟೆಗೆ 180ರಂತೆ ಮೂರು ಗಂಟೆಗೆ 540 ರೂಪಾಯಿ. ಇಬ್ಬರು ಆಡಿ ಸಮ ಹಂಚಿಕೊಂಡರೆ ತಲೆಗೆ 270. ಹಾಗೆ ಹಂಚಿಕೊಂಡಿದ್ದರೆ 5,000 ರೂಪಾಯಿ ಹದಿನೆಂಟು ದಿನ ಬರಬೇಕಿತ್ತು. ಹತ್ತನೇ ತಾರೀಕಿಗೆ ಖಾಲಿಯಾಗುತ್ತಿದೆ ಅಂದರೆ ದಿನಕ್ಕೆ 540ರಷ್ಟು ಅವನ ಕೈಯಿಂದ ಹೋಗುತ್ತಿದೆ. ಹೆಚ್ಚಿನ ದಿನ ಟೇಬಲ್ ದುಡ್ಡನ್ನು ನಿಮ್ಮ ಮಗನೊಬ್ಬನೇ ಕಟ್ಟುತ್ತಿರಬೇಕು. ಯಾಕೆ? ನಮ್ಮ ಕಡೆಯ ಪಾರ್ಲರ್‌ಗಳಲ್ಲಿ ನಡೆದುಬಂದಿರುವ ಪದ್ಧತಿ ಅದು: ಸೋತವನು ಟೇಬಲ್ ದುಡ್ಡು ಕಟ್ಟಬೇಕು. ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ, ಮಾಲೀಕರು ಹೇರುವುದೂ ಇಲ್ಲ. ಹುಡುಗರೇ ಮಾಡಿಕೊಂಡದ್ದು. ಐದಾರು ತಿಂಗಳ ಹಿಂದೆ ಕ್ಯೂ ಹಿಡಿದವನು ಎರಡು ಮೂರು ವರ್ಷ ಆಡಿದವನ ಎದುರು ಸೋಲುವುದು ಸಹಜ. ಹಾಗಾಗಿ ಹೊಸಬನ ಜೇಬಿನಿಂದ ಹಳಬ ಪುಕ್ಕಟೆ ಅಭ್ಯಾಸ ಮಾಡುತ್ತಾನೆ.

ಆದರೆ 500, 1,000 ಟೇಬಲ್ ದುಡ್ಡಲ್ಲ. ಗಂಟೆಗೆ 180 ಅಂದರೆ ನಿಮಿಷಕ್ಕೆ 3 ರೂಪಾಯಿ. ಎರಡು ಗಂಟೆ ಮೂವತ್ತೈದು ನಿಮಿಷ ಆಡಿದರೆ 465 ಆಗುತ್ತದೆ. ನಿಮಿಷ ಲೆಕ್ಕದ ಬಿಲ್ಲು ದಿನಾ ದುಂಡಗೆ ಬರಲು ಸಾಧ್ಯವಿಲ್ಲ, ಮೇಲಾಗಿ ಅದು ಪಾರ್ಲರ್‌ನ ಕ್ಯೂಆರ್ ಕೋಡಿಗೆ ಹೋಗುತ್ತದೆ. ಒಬ್ಬನೇ ಹುಡುಗನ ಹೆಸರಿಗೆ ದುಂಡು ಮೊತ್ತ ಮತ್ತೆ ಮತ್ತೆ ಹೋಗಿದ್ದರೆ ಅದು ಫ್ರೇಮ್ (ಒಂದು ಸುತ್ತಿನ ಆಟ) ಮೇಲೆ ಕಟ್ಟಿದ ಹಣ, ಇಲ್ಲವೇ ಹಾಗೆ ಕಟ್ಟಿ ಸೋತ ಸಾಲದ ಕಂತು. ನಿಮ್ಮನ್ನು ಗಾಬರಿಪಡಿಸಲು ಹೇಳುತ್ತಿಲ್ಲ. ಮೊತ್ತ ಇನ್ನೂ ಸಾವಿರದ ಆಸುಪಾಸಿನಲ್ಲಿರುವಾಗಲೇ ನಿಮ್ಮ ಕಣ್ಣಿಗೆ ಬಿತ್ತಲ್ಲ, ಅದು ಒಳ್ಳೆಯದಾಯಿತು.

ಇದು ಬೆಳೆಯುವ ರೀತಿ ಹೀಗೆ. ಚೆನ್ನಾಗಿ ಆಡುವವನೊಬ್ಬ ಹೊಸಬನನ್ನು ಕರೆದು ‘ಬಾ, ಸುಮ್ನೆ ಒಂದು ನೂರು ರೂಪಾಯಿಗೆ’ ಅನ್ನುತ್ತಾನೆ. ಸ್ನೂಕರ್ ಆದರೆ ಇಪ್ಪತ್ತೋ ಮೂವತ್ತೋ ಪಾಯಿಂಟ್ ಸ್ಟಾರ್ಟ್, ಅಂದರೆ ಆಟಕ್ಕೆ ಮೊದಲೇ ಅಷ್ಟು ಪಾಯಿಂಟ್, ಬಿಟ್ಟುಕೊಡುತ್ತಾನೆ. ಮೊದಲೆರಡು ಫ್ರೇಮ್ ಬೇಕಂತಲೇ ಬಿಟ್ಟುಕೊಡುತ್ತಾನೆ. ಸುಲಭದ ಕಪ್ಪು ಚೆಂಡು ಟೇಬಲ್ ಅಂಚಿನ ಗುಳಿಯ, ಅಂದರೆ ಪಾಕೆಟ್‌ನ ತುಟಿಯಲ್ಲಿ ನಿಲ್ಲುವ ಹಾಗೆ ಹೊಡೆಯುವುದೂ ಒಂದು ಕಲೆ. ನೋಡುವವರಿಗೆ ತಪ್ಪಿದಂತೆಯೇ ಕಾಣುತ್ತದೆ. ಹೊಸಬನಿಗೆ ಗೆದ್ದ ಹುಮ್ಮಸ್ಸು. ಮೂರನೇ ಫ್ರೇಮ್ ಐನೂರಕ್ಕೆ. ಎದುರಾಳಿಯ ನಿಜವಾದ ಆಟ ಶುರುವಾಗುವುದೇ ಆಮೇಲೆ. ಸೋತ ಹುಡುಗ ಅದನ್ನು ವಾಪಸ್ ಗೆಲ್ಲಲು ಮಾರನೇ ದಿನ ಬರುತ್ತಾನೆ. ಇದನ್ನು ಮಾಡುವವರು ಒಂದು ಪಾರ್ಲರ್‌ನಲ್ಲಿ ಒಬ್ಬಿಬ್ಬರು ಇದ್ದರೆ ಹೆಚ್ಚು. ಉಳಿದವರಿಗೆಲ್ಲ ಗೊತ್ತಿರುತ್ತದೆ, ಯಾರೂ ಹೇಳುವುದಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡಬಾರದು ಎಂಬ ಆ ಮೌನ ನಮ್ಮ ಆಟದ ಮಂದಿಯಲ್ಲಿ ನನಗೆ ಎಂದೂ ಸರಿಕಾಣದ ಗುಣ.

ಇನ್ನು ನಿಮ್ಮಣ್ಣನ ಮಾತಿಗೆ ಬರುತ್ತೇನೆ. ಅವರ ಭಯಕ್ಕೆ ಕಾರಣವಿದೆ. ಮಂಡ್ಯ, ಮೈಸೂರು ಕಡೆ ‘ಕ್ಲಬ್’ ಅಂದ ಕೂಡಲೇ ಜನರಿಗೆ ನೆನಪಾಗುವುದು ಇಸ್ಪೀಟು. ರಿಕ್ರಿಯೇಷನ್ ಕ್ಲಬ್ ಎಂಬ ಬೋರ್ಡು ಹಾಕಿ, ಮುಂದಿನ ಕೋಣೆಯಲ್ಲಿ ಒಂದು ಕೇರಂ ಬೋರ್ಡು, ಒಂದು ಹಳೇ ಬಿಲಿಯರ್ಡ್ಸ್ ಟೇಬಲ್ ಇಟ್ಟು, ಹಿಂದಿನ ಕೋಣೆಯಲ್ಲಿ ಎಲೆ ಹಾಕುವ ಜಾಗಗಳನ್ನು ನಾನೂ ಕಂಡಿದ್ದೇನೆ. ರೇಡ್ ಆದಾಗ ಆ ಟೇಬಲ್ಲಿಗೂ ಸೇರಿ ಕೆಟ್ಟ ಹೆಸರು ಬಂತು. ಆದರೆ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಕೂರುವುದನ್ನೂ ಅಪರಾಧವೆನ್ನುತ್ತದೆ, ಶುದ್ಧ ಕೌಶಲದ ಆಟವನ್ನು ಅದರಿಂದ ಹೊರಗಿಡುತ್ತದೆ. ಟೇಬಲ್ ಬಾಡಿಗೆ ಕೊಟ್ಟು ಪೂಲ್ ಆಡಿದ್ದಕ್ಕೆ ನಿಮ್ಮ ಮಗನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಗೋಡೆಗೊರಗಿ ನಿಂತವರು ಬೇರೆಯವರ ಆಟದ ಮೇಲೆ ಬಾಜಿ ಕಟ್ಟುವ ಜಾಗದಲ್ಲಿ ಮಾತ್ರ ಆ ಧೈರ್ಯದಲ್ಲಿ ಇರಬೇಡಿ.

ಇದು ಅದೃಷ್ಟದ ಆಟವೂ ಅಲ್ಲ. ಸ್ನೂಕರ್ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಮೇಲೆ ಹಸಿರು ಉಣ್ಣೆಯ ಬಟ್ಟೆ, ಅದರಡಿ ಸ್ಲೇಟ್ ಕಲ್ಲಿನ ಹಾಸು. 52.5 ಮಿಲಿಮೀಟರಿನ ಚೆಂಡುಗಳು: ಹದಿನೈದು ಕೆಂಪು, ಆರು ಬಣ್ಣದವು, ಒಂದು ಬಿಳಿ. ಹದಿನೈದು ಕೆಂಪಿಗೂ ಜೊತೆಗೆ ಕಪ್ಪನ್ನೇ ಹಾಕಿ, ಕೊನೆಗೆ ಆರು ಬಣ್ಣಗಳನ್ನು ತೆಗೆದರೆ 147 ಪಾಯಿಂಟ್. ಒಳ್ಳೆಯ ಆಟಗಾರ ನೋಡುವುದು ಪಾಕೆಟ್‌ಗೆ ಬೀಳುವ ಚೆಂಡನ್ನಲ್ಲ, ಹೊಡೆದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಕ್ಯೂ ತುದಿ ಬಿಳಿ ಚೆಂಡಿನ ನಡುವಿಗಿಂತ ಒಂದಿಷ್ಟು ಕೆಳಗೆ ತಾಗಿದರೆ ಅದು ಹಿಂದಕ್ಕೆ ಬರುತ್ತದೆ, ಮೇಲೆ ತಾಗಿದರೆ ಮುಂದಕ್ಕೆ ಉರುಳುತ್ತದೆ. ನಿಮ್ಮ ಮಗ ಆಡುತ್ತಿರುವ ಪೂಲ್‌ನಲ್ಲಿ ಟೇಬಲ್ ಚಿಕ್ಕದು, ಚೆಂಡು ಸ್ವಲ್ಪ ದೊಡ್ಡದು, 57 ಮಿಲಿಮೀಟರು, ಆಟ ಬೇಗ ಮುಗಿಯುತ್ತದೆ. ಬೇಗ ಮುಗಿಯುವುದರಿಂದಲೇ ‘ಇನ್ನೊಂದು ಗೇಮ್’ ಎಂಬುದು ಅಲ್ಲಿ ಹೆಚ್ಚು. ಸಂಜೆಗೆ ಎಂಟು ಹತ್ತು ಸಲ ಸೋಲು ಗೆಲುವು ನಡೆದಾಗ ಹಣ ಕಟ್ಟುವ ಆಸೆಯೂ ಅಷ್ಟೇ ಸಲ ಹುಟ್ಟುತ್ತದೆ.

ಇದು ದುಡ್ಡಿದ್ದವರ ಆಟ ಅಂತ ಕೆಲವರು ಹೇಳುವುದುಂಟು. ಒಂದು ಕಾಲಕ್ಕೆ ಅದು ನಿಜವಾಗಿತ್ತು. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ ಸ್ನೂಕರ್ ಹುಟ್ಟಿತು. ನೆವಿಲ್ ಚೇಂಬರ್ಲಿನ್ ಎಂಬ ಸೇನಾಧಿಕಾರಿ ಅದರ ನಿಯಮಗಳನ್ನು ಹೊಂದಿಸಿದ. ಆ ನಿಯಮಗಳು 1882ರ ಹೊತ್ತಿಗೆ ಊಟಿ ಕ್ಲಬ್ಬಿನಲ್ಲಿ ಗಟ್ಟಿಯಾದವು. ಮೈಸೂರಿನಿಂದ ಒಂದು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರಿನ ಕೊಡುಗೆ ಇದು ಎಂಬುದು ಇಲ್ಲಿ ಆಡುವ ಹುಡುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ಗೊತ್ತಿರಬೇಕಿತ್ತು. ಸ್ವತಂತ್ರ ಭಾರತಕ್ಕೆ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದದ್ದೂ ಇದೇ ಟೇಬಲ್: 1958ರಲ್ಲಿ ವಿಲ್ಸನ್ ಜೋನ್ಸ್, ಬಿಲಿಯರ್ಡ್ಸ್‌ನಲ್ಲಿ. ಆಮೇಲೂ ಬಹುಕಾಲ ಟೇಬಲ್ ಇದ್ದದ್ದು ಕ್ಲಬ್ಬು, ಅರಮನೆ, ಅಧಿಕಾರಿಗಳ ಮೆಸ್ಸುಗಳಲ್ಲೇ. ಕೇಬಲ್ ಟೀವಿಯಲ್ಲಿ ಈ ಆಟ ಕಾಣತೊಡಗಿದ ಮೇಲೆ ಪಾರ್ಲರ್‌ಗಳು ಹುಟ್ಟಿಕೊಂಡು ಗಂಟೆ ಲೆಕ್ಕದಲ್ಲಿ ಯಾರು ಬೇಕಾದರೂ ಆಡುವಂತಾಯಿತು.

ಆ ಬದಲಾವಣೆ ಒಳ್ಳೆಯದೇ. ಮೈಸೂರಿನ ಹೂಟಗಳ್ಳಿ, ಹೆಬ್ಬಾಳ ಕಡೆಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿದವರು, ಆಸ್ಪತ್ರೆ ಡ್ಯೂಟಿ ಮುಗಿಸಿದ ಡಾಕ್ಟರು, ಆಟೋ ಓಡಿಸುವವರು, ನಿಮ್ಮ ಮಗನಂಥ ಪಿಜಿ ಹುಡುಗರು ಎಲ್ಲ ಒಂದೇ ಟೇಬಲ್ ಸುತ್ತ ನಿಲ್ಲುತ್ತಾರೆ. ಯಾರ ಮಗ, ಯಾವ ಊರು ಅಂತ ಯಾರೂ ಕೇಳುವುದಿಲ್ಲ. ಎದುರಿನವನು ಬಗ್ಗಿ ಗುರಿ ಹಿಡಿದಾಗ ಉಳಿದವರು ಮಾತು ನಿಲ್ಲಿಸುತ್ತಾರೆ, ಅವನ ಕಣ್ಣಿನ ಎದುರಿಗೆ ಅಡ್ಡಾಡುವುದಿಲ್ಲ. ಇನ್ನೊಂದು ಪದ್ಧತಿ ನನಗೆ ಬಹಳ ಅಚ್ಚುಮೆಚ್ಚು. ಹೊಡೆಯುವಾಗ ಅಂಗಿ ತೋಳು ಪಕ್ಕದ ಚೆಂಡಿಗೆ ತಾಗಿದರೂ ಫೌಲ್. ಅದು ಎದುರಾಳಿಗೆ ಕಾಣುವುದೇ ಇಲ್ಲ. ಆದರೂ ಒಳ್ಳೆಯ ಜಾಗದಲ್ಲಿ ಬೆಳೆದ ಹುಡುಗ ತಾನೇ ನೆಟ್ಟಗೆ ನಿಂತು ‘ತಾಗಿತು ಸಾರ್’ ಅಂತ ಹೇಳಿ ಟೇಬಲ್ ಬಿಟ್ಟುಕೊಡುತ್ತಾನೆ. ಹದಿನೆಂಟು ಹತ್ತೊಂಬತ್ತರ ಹುಡುಗರು ಕೈಯಲ್ಲಿದ್ದ ಫ್ರೇಮನ್ನು ಹಾಗೆ ಬಿಟ್ಟುಕೊಡುವುದನ್ನು ಕಂಡವನಿಗೆ ಈ ಆಟ ಮಕ್ಕಳನ್ನು ಕೆಡಿಸುತ್ತದೆ ಎಂದು ಒಪ್ಪಲು ಮನಸ್ಸು ಬರುವುದಿಲ್ಲ. ಕೆಡಿಸುವುದಾದರೆ ಅದು ಕೋಣೆ. ಹಾಗಾಗಿ ನೀವು ನೋಡಬೇಕಾದದ್ದು ಕೋಣೆಯನ್ನು.

ದಯವಿಟ್ಟು ಒಂದು ದಿನ ಮೈಸೂರಿಗೆ ಬನ್ನಿ. ಮಗನಿಗೆ ಹೇಳಿಯೇ ಬನ್ನಿ, ಹಿಡಿಯಲು ಬಂದಂತೆ ಆಗಬಾರದು. ಸಂಜೆ ಏಳರ ಹೊತ್ತಿಗೆ ಅವನ ಜೊತೆಗೇ ಪಾರ್ಲರ್ ಒಳಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಆಟ ಅರ್ಥವಾಗಬೇಕಿಲ್ಲ. ಟೇಬಲ್‌ನ ಅಂಚಿನ ಮರವನ್ನು ನೋಡಿ. ಸಿಗರೇಟು ಇಟ್ಟು ಮರೆತ ಉದ್ದನೆಯ ಸುಟ್ಟ ಕಲೆಗಳು, ಲೋಟ ಇಟ್ಟ ದುಂಡು ಗುರುತುಗಳು ಇದ್ದರೆ ಆ ಜಾಗದಲ್ಲಿ ಹೇಳುವವರು ಕೇಳುವವರು ಇಲ್ಲ ಎಂದರ್ಥ. ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ಸಿಗರೇಟು ಮಾರುವಂತಿಲ್ಲ, ಹುಕ್ಕಾ ಬಾರ್‌ಗೆ ನಿಷೇಧವಿದೆ. ಇವೆರಡರಲ್ಲಿ ಒಂದು ಕಂಡರೂ ಆ ಪಾರ್ಲರ್ ಬೇಡ. ಕೌಂಟರ್ ಮೇಲೆ ಹೆಸರು ಬರೆದಿಟ್ಟ ಸಾಲದ ಪುಸ್ತಕ ಇದೆಯೇ ನೋಡಿ. ವಿದ್ಯಾರ್ಥಿಗಳಿಗೆ ಸಾಲ ಬರೆದುಕೊಳ್ಳುವ ಮಾಲೀಕ ಎಷ್ಟೇ ನಯವಾಗಿ ಮಾತಾಡಿದರೂ ನಂಬಬೇಡಿ.

ಆಮೇಲೆ ಮಾರ್ಕರ್ ಯಾರು ಅಂತ ಕೇಳಿ. ಸ್ಕೋರ್ ಬರೆಯುವವರು, ಬಟ್ಟೆಗೆ ಬ್ರಷ್ ಹಾಕುವವರು, ಚೆಂಡು ಜೋಡಿಸುವವರು ಅವರೇ. ಹಳೆಯ ಕ್ಲಬ್ಬುಗಳಲ್ಲಿ ಹುಡುಗರಾಗಿ ಸೇರಿ ಸದಸ್ಯರ ಆಟ ನೋಡುತ್ತಲೇ ಕಲಿತು, ಸದಸ್ಯರಿಗಿಂತ ಚೆನ್ನಾಗಿ ಆಡುವ ಮಾರ್ಕರ್‌ಗಳು ಈಗಲೂ ಇದ್ದಾರೆ. ಅವರಿಗೆ ಪ್ರಶಸ್ತಿ, ಪತ್ರಿಕೆಯಲ್ಲಿ ಫೋಟೊ ಯಾವುದೂ ಸಿಗಲಿಲ್ಲ. ನನ್ನ ಮಟ್ಟಿಗೆ ಈ ಆಟದ ನಿಜವಾದ ಮೇಷ್ಟ್ರುಗಳು ಅವರು. ಸ್ನೂಕರ್ ಬಟ್ಟೆಯ ಜುಂಗು ಒಂದೇ ದಿಕ್ಕಿಗೆ ಮಲಗಿರುತ್ತದೆ, ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆಯುವ ಕಡೆಯಿಂದ ಕಪ್ಪು ಚೆಂಡಿನ ಕಡೆಗೆ. ಬ್ರಷ್ಷನ್ನೂ ಆಮೇಲೆ ಇಸ್ತ್ರಿಯನ್ನೂ ಆ ದಿಕ್ಕಿಗೇ ಎಳೆಯಬೇಕು, ಅಡ್ಡಡ್ಡ ಉಜ್ಜಿದರೆ ನಿಧಾನದ ಚೆಂಡು ದಾರಿ ತಪ್ಪುತ್ತದೆ. ದಿನಾ ಅದನ್ನು ತಪ್ಪದೆ ಮಾಡುವ ಹಿರಿಯ ಮಾರ್ಕರ್ ಇರುವ ಕೋಣೆಯಲ್ಲಿ ಹುಡುಗರು ದನಿ ಎತ್ತುವುದಿಲ್ಲ. ಹೊಸಬನ ಜೊತೆ ದುಡ್ಡಿಗೆ ಆಡುವವನನ್ನು ಅವರು ಒಂದು ನೋಟದಲ್ಲೇ ನಿಲ್ಲಿಸುತ್ತಾರೆ.

ಮಗ ಅಲ್ಲಿಗೆ ಯಾಕೆ ಹೋಗುತ್ತಾನೆ ಎಂಬುದನ್ನೂ ಯೋಚಿಸಿ. ಮಂಡ್ಯದಲ್ಲಿ ಸಂಜೆಯಾದರೆ ಮನೆ, ಬೀದಿ, ಗೆಳೆಯರು ಇದ್ದರು. ಪಿಜಿಯಲ್ಲಿ ಇರುವುದು ಒಂದು ಮಂಚ, ಒಂದು ಫೋನು. ಎರಡನೇ ವರ್ಷದ ಸಬ್ಜೆಕ್ಟುಗಳು ತಲೆಗೆ ಹತ್ತದಿದ್ದಾಗ ಟೇಬಲ್ ಮೇಲೆ ಮಾತ್ರ ‘ಹೋದ ವಾರಕ್ಕಿಂತ ಈ ವಾರ ಚೆನ್ನಾಗಿ ಆಡಿದೆ’ ಎಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಹೆಸರು ಹಿಡಿದು ಕರೆಯುವವರು ಇದ್ದಾರೆ. ಇದು ಪೋಲಿತನ ಅಲ್ಲ. ಓದಿನಲ್ಲಿ ಏನಾದರೂ ಹಿಂದೆ ಬಿದ್ದಿದ್ದಾನೆಯೇ ಎಂದು ವಿಚಾರಿಸಿ. ನನ್ನ ಬಳಿಗೆ ಬಂದ ಎಷ್ಟೋ ಹುಡುಗರಲ್ಲಿ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಸಬ್ಜೆಕ್ಟು) ಮೊದಲು, ಪಾರ್ಲರ್ ಆಮೇಲೆ. ಮನೆಯವರು ತಿಳಿದುಕೊಳ್ಳುವುದು ಮಾತ್ರ ಇದರ ಉಲ್ಟಾ.

ಈಗ ಏನು ಮಾಡಬಹುದು. ಪೂರ್ತಿ ಬಿಡಿಸುವುದು ಒಂದು ದಾರಿ. 19ರ ಹುಡುಗ, ಇನ್ನೊಂದು ಊರು, ಕಾವಲು ಕೂರಲು ಆಗುವುದಿಲ್ಲ. ಸಾಲವೇನಾದರೂ ಇದ್ದರೆ ಅದು ನಿಮ್ಮ ಕಣ್ಣಿಂದ ಮರೆಯಾಗಿ ದೊಡ್ಡದಾಗುತ್ತದೆ, ಇದೇ ಆ ದಾರಿಯ ದೊಡ್ಡ ಅಪಾಯ. ಸಾಲ ಹತ್ತಾರು ಸಾವಿರಕ್ಕೆ ಹೋಗಿದೆ, ಸುಳ್ಳಿನ ಮೇಲೆ ಸುಳ್ಳು ಬರುತ್ತಿದೆ ಅಂತಾದರೆ ಆಗ ಆಟ ನಿಲ್ಲಿಸಲೇಬೇಕು, ಆಪ್ತಸಮಾಲೋಚಕರ ಬಳಿಗೂ ಹೋಗಬೇಕಾಗುತ್ತದೆ. ನೀವು ಬರೆದದ್ದರಲ್ಲಿ ಅಂಥದ್ದು ನನಗೆ ಕಾಣುತ್ತಿಲ್ಲ.

ನಾನು ಹೇಳುವ ದಾರಿ ಬೇರೆ. ಮೊದಲು ‘ಯಾರಿಗೆ ಎಷ್ಟು ಕೊಡಬೇಕು, ಹೇಳು, ಬೈಯುವುದಿಲ್ಲ’ ಅಂತ ಕೇಳಿ, ಹೇಳಿದ ಮೇಲೆ ನಿಜಕ್ಕೂ ಬೈಯಬೇಡಿ. ಬಾಕಿ ಇದ್ದರೆ ಕೈಖರ್ಚಿನಿಂದ ಕಂತಿನಲ್ಲಿ ಅವನೇ ತೀರಿಸಲಿ. ನೀವು ಒಂದೇ ಸಲ ಕಟ್ಟಿಬಿಟ್ಟರೆ ಎದುರಿನವನಿಗೆ ಇವನ ಮನೆಯಲ್ಲಿ ದುಡ್ಡಿದೆ ಎಂಬುದು ಗೊತ್ತಾಗುತ್ತದೆ. ಇನ್ನು ಮುಂದೆ ಟೇಬಲ್ ದುಡ್ಡು ಯಾವಾಗಲೂ ಸಮಪಾಲು, ಫ್ರೇಮ್ ಮೇಲೆ ಒಂದು ರೂಪಾಯಿಯೂ ಇಲ್ಲ. ದಿನಾ ಮೂರು ಗಂಟೆಯ ಬದಲು ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ. ಸಮಪಾಲಿನಲ್ಲಿ ಲೆಕ್ಕ ಹಾಕಿದರೆ ವಾರಕ್ಕೆ 540 ರೂಪಾಯಿ, ಅವನು ಈಗ ಒಂದೇ ದಿನಕ್ಕೆ ಕೊಡುತ್ತಿರುವಷ್ಟು. ಇದರಲ್ಲೂ ಅಪಾಯವಿದೆ. ಹಳೇ ಜೊತೆಗಾರರು ‘ಏನ್ಲಾ, ಅಮ್ಮ ಬೈದ್ರಾ’ ಅಂತ ಕೆಣಕುತ್ತಾರೆ, ಮಗ ಜಾರಬಹುದು. ಅದಕ್ಕೇ ಪಾರ್ಲರ್ ಬದಲಾಯಿಸುವುದು ಲೇಸು. ಅವರ ಅಪ್ಪನಿಗೆ ನೀವೇ ಹೇಳಿ, ಈ ವಾರವೇ ಹೇಳಿ. ಬೇರೆಯವರ ಬಾಯಿಂದ ತಿಳಿದರೆ ತಾಯಿ ಮಗ ಇಬ್ಬರೂ ಸೇರಿ ಮುಚ್ಚಿಟ್ಟರು ಎಂದಾಗುತ್ತದೆ.

ಸ್ಟೇಟ್ ಲೆವೆಲ್ ಆಸೆಯನ್ನು ತಳ್ಳಿಹಾಕಬೇಡಿ, ಹಾಗಂತ ನೇರವಾಗಿ ಹೇಳಬೇಕಾದದ್ದನ್ನು ಹೇಳಿ. ಬಿಲಿಯರ್ಡ್ಸ್, ಸ್ನೂಕರ್‌ನ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ ಕೋಚ್ ಅರವಿಂದ್ ಸವೂರ್ ಅವರ ಕೈಯಲ್ಲಿ ಪಳಗಿದವರು. ಕ್ಯೂ ಹಿಡಿದಾಗ ಹತ್ತು ಹನ್ನೊಂದರ ಬಾಲಕ, 2003ರಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಗೆದ್ದಾಗ 18 ವರ್ಷ. ಬಿ.ಕಾಂ. ಓದನ್ನೂ ಮುಗಿಸಿದರು. 2024ರ ಹೊತ್ತಿಗೆ 28 ವಿಶ್ವ ಪ್ರಶಸ್ತಿಗಳು. ಅಂಥವರೂ ಇಂಗ್ಲೆಂಡಿನ ವೃತ್ತಿಪರ ಸರ್ಕಿಟ್‌ಗೆ ಹೋಗಿ ಎರಡು ಸೀಸನ್‌ಗೆ ವಾಪಸ್ ಬಂದರು, ಬದುಕಿಗೆ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಕೆಲಸವಿದೆ. 1998ರಿಂದ 2010ರ ತನಕ ಏಷ್ಯನ್ ಗೇಮ್ಸ್‌ನಲ್ಲಿದ್ದ ಆಟವನ್ನು ಆಮೇಲೆ ಕೈಬಿಟ್ಟರು, ಒಲಿಂಪಿಕ್ಸ್‌ನಲ್ಲಿ ಎಂದೂ ಇರಲಿಲ್ಲ. ಅಂದಮೇಲೆ 19ಕ್ಕೆ ಶುರು ಮಾಡಿದವನು ಇದನ್ನೇ ನೆಚ್ಚಿ ಎಂಜಿನಿಯರಿಂಗ್ ಬಿಡುವಂತಿಲ್ಲ. ಆದರೆ 21ರೊಳಗಿನ ಜೂನಿಯರ್ ವಿಭಾಗಕ್ಕೆ ಅವನ ವಯಸ್ಸು ಇನ್ನೂ ಮೀರಿಲ್ಲ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ನಡೆಸುವ ಟೂರ್ನಿಯಲ್ಲಿ ಒಮ್ಮೆ ಆಡಲಿ. ಮೊದಲ ಸುತ್ತಿನಲ್ಲೇ ಸೋತರೂ ಸರಿ, ನಿಜವಾದ ಆಟಗಾರರು ಹೇಗೆ ನಿಲ್ಲುತ್ತಾರೆ, ಹೇಗೆ ಉಸಿರು ಹಿಡಿಯುತ್ತಾರೆ ಎಂಬುದನ್ನು ಹತ್ತಿರದಿಂದ ನೋಡುತ್ತಾನೆ. ಅದಕ್ಕೆ ಪೂಲ್ ಬಿಟ್ಟು ಸ್ನೂಕರ್ ಟೇಬಲ್‌ನಲ್ಲಿ ಅಭ್ಯಾಸ ಮಾಡಬೇಕು, ಸಾಧ್ಯವಾದರೆ ಒಬ್ಬನೇ. ಒಂಟಿ ಅಭ್ಯಾಸಕ್ಕೆ ತಾಳ್ಮೆ ಇದೆಯೇ ಇಲ್ಲವೇ ಎಂಬುದು ತಿಂಗಳೊಳಗೆ ತಿಳಿಯುತ್ತದೆ. ಇಲ್ಲದಿದ್ದರೆ ಸ್ಟೇಟ್ ಲೆವೆಲ್ ಮಾತನ್ನು ಅವನೇ ನಿಲ್ಲಿಸುತ್ತಾನೆ.

ಸ್ವಂತ ಕ್ಯೂ ಕೇಳುವುದು ದುಂದು ಅಲ್ಲ. ಪಾರ್ಲರ್ ಕ್ಯೂಗಳು ಬಾಗಿರುತ್ತವೆ, ತುದಿಯ ಚರ್ಮ ಚಪ್ಪಟೆಯಾಗಿರುತ್ತದೆ. ಹಾಗಂತ 15,000 ಈಗಲೇ ಬೇಡ, ಅದರ ಮೂರನೇ ಒಂದು ಭಾಗಕ್ಕೆ ಕಲಿಯುವವನಿಗೆ ಸಾಕಾಗುವ ಆಶ್ ಮರದ ಕ್ಯೂ ಸಿಗುತ್ತದೆ. ಕೊಳ್ಳುವಾಗ ಟೇಬಲ್ ಮೇಲೆ ಉರುಳಿಸಿ ನೋಡಲಿ, ಎಲ್ಲೂ ಎಗರದೆ ಉರುಳಬೇಕು. ಸ್ನೂಕರ್‌ಗೆ ತುದಿ 9ರಿಂದ 10 ಮಿಲಿಮೀಟರ್ ಇರಬೇಕು, ಪೂಲ್ ಕ್ಯೂನ ತುದಿ 12, 13ರ ತನಕ ದಪ್ಪ. ಎರಡಕ್ಕೂ ಒಂದೇ ಆಗುತ್ತದೆ ಎಂದು ಅಂಗಡಿಯವರು ಹೇಳಿದರೆ ಕೇಳಬೇಡಿ.

ಮಗಳನ್ನು ಖಂಡಿತ ಕಳಿಸಿ. ಸರ್ಕಾರಿ ನೌಕರಿ ಮಾಡುತ್ತಲೇ ಬೆಂಗಳೂರಿನ ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ವಿದ್ಯಾ ಪಿಳ್ಳೈ 2017ರ ಮಹಿಳಾ ವಿಶ್ವ ಸ್ನೂಕರ್ ಫೈನಲ್ ತನಕ ಹೋದರು. ಒಂಬತ್ತನೇ ಕ್ಲಾಸು ಶುರು ಮಾಡಲು ಒಳ್ಳೆಯ ವಯಸ್ಸು, ಈ ಲೆಕ್ಕದಲ್ಲಿ ಅಣ್ಣನಿಗಿಂತ ಅವಳಿಗೇ ಹೆಚ್ಚು ಕಾಲವಿದೆ. ಆದರೆ ಸಂಜೆಯ ಪಾರ್ಲರ್‌ಗೆ ಅಣ್ಣನ ಬೆನ್ನಿಗೆ ಕಳಿಸಬೇಡಿ. ರಜೆಯಲ್ಲಿ ಬೆಳಗಿನ ಹೊತ್ತು, ಗದ್ದಲವಿಲ್ಲದಾಗ, ಕಲಿಸುವವರೊಬ್ಬರು ಇರುವ ಕಡೆಗೆ ನೀವೇ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳ ಶೌಚಾಲಯ ಇದೆಯೇ ಎಂದು ಮೊದಲು ನೋಡಿ. ಎಷ್ಟೋ ಪಾರ್ಲರ್‌ಗಳಲ್ಲಿ ಇರುವುದಿಲ್ಲ, ಹುಡುಗಿಯರು ಆಟ ಬಿಡಲು ದೊಡ್ಡ ಕಾರಣವೇ ಅದು. ಇಲ್ಲದಿದ್ದರೆ ಮಾಲೀಕರನ್ನು ನೇರವಾಗಿ ಕೇಳಿ. ತಾಯಂದಿರು ಕೇಳಿದಾಗ ಮಾಡಿಸಿಕೊಟ್ಟವರನ್ನು ನಾನು ಕಂಡಿದ್ದೇನೆ.